ಕಿರ್ ಎಂದರೆ ಬ್ರೇಕು, ಗುಂಯ್ ಎಂದರೆ ಆಕ್ಸಲ್ಲೇ?

ಹಳೆಯ ಕಾರಿನ ಹಿಂಬದಿಯಲ್ಲಿ ಸದ್ದು ಕೇಳಿಸಿದ ಕೂಡಲೇ ಬಿಡಿಭಾಗಕ್ಕಾಗಿ ಜೆ.ಸಿ. ರಸ್ತೆಗೆ ಓಡುವುದು ಬೆಂಗಳೂರಿನ ರೂಢಿ. ಆದರೆ ಸದ್ದು ‘ಎಲ್ಲಿ’ ಬರುತ್ತದೆ ಎಂಬುದಕ್ಕಿಂತ ‘ಯಾವಾಗ’ ಬರುತ್ತದೆ ಎಂಬುದೇ ದೋಷದ ಜಾಡು ತೋರಿಸುತ್ತದೆ. ಕಿರುಚುವುದು ಬ್ರೇಕಾದರೂ ತಪ್ಪು ಆಕ್ಸಲ್‌ನದಾಗಿರಬಹುದು!

ಮಹಾನವಮಿಯ ಬೆಳಿಗ್ಗೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳಲ್ಲಿ ಷೆಡ್ಡುಗಳ ಬಾಗಿಲು ತೆರೆಯುತ್ತವೆ. ಮಳೆಗಾಲವೆಲ್ಲ ಹೊದಿಕೆಯ ಕೆಳಗೆ ನಿಂತಿದ್ದ ಅಂಬಾಸಿಡರ್, ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್, ಮಾರಿಸ್ ಮೈನರ್ ಕಾರುಗಳು ಬಾನೆಟ್ಟಿಗೆ ಸೇವಂತಿಗೆ ಹಾರ, ಬಂಪರಿಗೆ ಬಾಳೆಕಂದು ಕಟ್ಟಿಸಿಕೊಂಡು ಬೀದಿಗೆ ಬರುತ್ತವೆ. ಬೂದುಗುಂಬಳ ಒಡೆದು, ಚಕ್ರಗಳಡಿ ನಿಂಬೆಹಣ್ಣು ಇಟ್ಟು ಕಾರನ್ನು ಮುಂದಕ್ಕೆ ಬಿಟ್ಟರೆ, ಹಣ್ಣು ಅಪ್ಪಚ್ಚಿಯಾಗುವ ಹೊತ್ತಿಗೇ ಹಿಂದಿನ ಚಕ್ರದಿಂದ ‘ಟಕ್’ ಎಂಬ ಸದ್ದು ಬರುತ್ತದೆ. ಹತ್ತು ಮಾರು ಹೋಗುವಷ್ಟರಲ್ಲಿ ‘ಕರಕರ’ ಶುರುವಾಗುತ್ತದೆ. ಬ್ರೇಕ್ ತುಳಿದರೆ ‘ಕೀಂ’ ಎಂಬ ಕಿರುಚಾಟ.

ಇವುಗಳಲ್ಲಿ ಮೊದಲಿನ ಎರಡಕ್ಕೆ ಬಹುಪಾಲು ಮಳೆಗಾಲವೇ ಕಾರಣ. ಹ್ಯಾಂಡ್ ಬ್ರೇಕ್ ಎಳೆದು ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ಬ್ರೇಕ್ ಶೂಗಳು, ಅಂದರೆ ಘರ್ಷಣೆಯ ಲೈನಿಂಗ್ ಹೊತ್ತ ಅರ್ಧಚಂದ್ರಾಕಾರದ ಲೋಹದ ತುಂಡುಗಳು, ತೇವದಿಂದ ತುಕ್ಕು ಹಿಡಿದ ಡ್ರಮ್ಮಿನ ಒಳಮೈಗೆ ಅಂಟಿಕೊಳ್ಳುತ್ತವೆ. ಆ ಅಂಟು ಬಿಡುವಾಗಿನ ಸದ್ದೇ ‘ಟಕ್’, ತುಕ್ಕಿನ ಪದರ ಸವೆಯುವಾಗಿನದು ‘ಕರಕರ’. ಹತ್ತಾರು ಬಾರಿ ಮೆಲ್ಲಗೆ ಬ್ರೇಕ್ ಹಾಕಿದ ಮೇಲೆ ಇವು ತಾವಾಗಿಯೇ ನಿಲ್ಲಬೇಕು. ನಿಲ್ಲದೆ ಉಳಿದರೆ ಹುಡುಕಾಟ ಶುರುವಾಗಬೇಕು, ಮತ್ತು ಬೆಂಗಳೂರಿನ ಬಹಳಷ್ಟು ಹಳೆಯ ಕಾರುಗಳ ಮಾಲೀಕರು ಹಣ ಕಳೆದುಕೊಳ್ಳುವುದು ಆ ಹುಡುಕಾಟದ ಮೊದಲ ಹೆಜ್ಜೆಯಲ್ಲೇ.

ಕಿವಿಗೆ ಆಗುವ ಮೋಸ

ಅಂಬಾಸಿಡರ್ ಮತ್ತು ಪದ್ಮಿನಿಯಂಥ ಕಾರುಗಳಲ್ಲಿ ಹಿಂದಿನ ಎರಡೂ ಚಕ್ರಗಳನ್ನು ಜೋಡಿಸುವುದು ಗಟ್ಟಿಯಾದ ಒಂದೇ ಟೊಳ್ಳು ಉಕ್ಕಿನ ಕವಚ. ಅದರ ನಡುವಿನ ಉಬ್ಬಿದ ಭಾಗದಲ್ಲಿ ಡಿಫರೆನ್ಷಿಯಲ್, ಅಂದರೆ ಎಂಜಿನ್ನಿನ ಬಲವನ್ನು ಎರಡು ಚಕ್ರಗಳಿಗೂ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಜೋಡಣೆ ಇರುತ್ತದೆ. ಅಲ್ಲಿಂದ ಎರಡೂ ಕಡೆಗೆ ಹೊರಡುವ ಸರಳುಗಳಿಗೆ ಆಕ್ಸಲ್ ಶಾಫ್ಟ್ ಎನ್ನುತ್ತಾರೆ. ಈ ಇಡೀ ಕವಚವು ಕಮಾನು ಪಟ್ಟಿಗಳ, ಅಂದರೆ ಲೀಫ್ ಸ್ಪ್ರಿಂಗ್‌ಗಳ, ಮೂಲಕ ಕಾರಿನ ಮೈಯನ್ನು ಹೊರುತ್ತದೆ.

ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ, ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು ಸಾಗುತ್ತದೆ. ಎಡ ಚಕ್ರದ ಬೇರಿಂಗಿನಲ್ಲಿ ಹುಟ್ಟಿದ ಗರಗರ ಸದ್ದು ಕವಚದುದ್ದಕ್ಕೂ ಹರಿದು, ಕಮಾನು ಪಟ್ಟಿಗಳನ್ನು ಹಾದು, ನೆಲದ ತಗಡನ್ನು ಅದುರಿಸುವುದರಿಂದ, ಒಳಗೆ ಕುಳಿತವರಿಗೆ ಅದು ಬಲಗಡೆಯಿಂದಲೋ ನಡುವಿನಿಂದಲೋ ಬಂದಂತೆ ಕೇಳಿಸುತ್ತದೆ. ‘ಹಿಂದೆ ಬಲಗಡೆ ಸೌಂಡ್ ಬರ್ತಿದೆ’ ಎಂಬ ಮಾಲೀಕರ ಮಾತನ್ನು ನಂಬಿ ಬಲ ಬೇರಿಂಗ್ ಬದಲಿಸಿದ ಮೇಲೂ ಸದ್ದು ಹಾಗೇ ಉಳಿಯುವುದು ಈ ಕಾರಣಕ್ಕೆ.

ಆದ್ದರಿಂದ ಸ್ಥಳದ ಪ್ರಶ್ನೆಯನ್ನು ಬದಿಗಿಟ್ಟು ಸಮಯದ ಪ್ರಶ್ನೆ ಕೇಳಬೇಕು. ಬ್ರೇಕ್ ತುಳಿದಾಗ ಮಾತ್ರ ಬರುತ್ತದೆಯೋ, ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ, ತಿರುವಿನಲ್ಲೋ, ಗೇರ್ ಬದಲಿಸಿದ ಕ್ಷಣದಲ್ಲೋ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಇದಕ್ಕೂ ಮೊದಲು ಟೈರನ್ನು ಅನುಮಾನದಿಂದ ಹೊರಗಿಡಬೇಕು. ಒಂದೇ ಸಮನೆ ಸವೆಯದ ಟೈರು ಕೆಟ್ಟ ಬೇರಿಂಗಿನಂತೆಯೇ ಸದ್ದು ಮಾಡುತ್ತದೆ. ನಗರದ ಹಲವು ರಸ್ತೆಗಳಿಗೆ ಈಗ ವೈಟ್ ಟಾಪಿಂಗ್ ಆಗಿರುವುದರಿಂದ ಈ ಪರೀಕ್ಷೆ ಸುಲಭ: ಟಾರು ರಸ್ತೆಯಿಂದ ಸಿಮೆಂಟ್ ರಸ್ತೆಗೆ ಇಳಿದ ಕೂಡಲೇ ಸದ್ದಿನ ಧಾಟಿ ಬದಲಾದರೆ ಅದು ಟೈರಿನದು, ಬದಲಾಗದಿದ್ದರೆ ಯಂತ್ರದ್ದು.

ಚೌಕಟ್ಟು: ಸೆಕೆಂಡಿಗೆ ಎಷ್ಟು ‘ಟಕ್’?
ಅಂಬಾಸಿಡರ್ ಗಾತ್ರದ ಕಾರಿನ ಚಕ್ರದ ಸುತ್ತಳತೆ ಸುಮಾರು 2 ಮೀಟರ್. ಗಂಟೆಗೆ 7 ಕಿ.ಮೀ. ವೇಗದಲ್ಲಿ, ಅಂದರೆ ಗಾಂಧಿನಗರದ ಸಂಜೆಯ ವಾಹನ ದಟ್ಟಣೆಯ ವೇಗದಲ್ಲಿ, ಚಕ್ರ ಸೆಕೆಂಡಿಗೆ ಒಂದು ಸುತ್ತು ತಿರುಗುತ್ತದೆ. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅದೇ ಹೊತ್ತಿನಲ್ಲಿ ನಾಲ್ಕರಿಂದ ಐದು ಸುತ್ತು ತಿರುಗುತ್ತದೆ. ಸೆಕೆಂಡಿಗೆ ಒಂದೇ ‘ಟಕ್’ ಇದ್ದರೆ ಡ್ರಮ್, ಚಕ್ರ, ಆಕ್ಸಲ್ ಶಾಫ್ಟ್ ಅಥವಾ ಡಿಫರೆನ್ಷಿಯಲ್ಲಿನ ದೊಡ್ಡ ಹಲ್ಲುಚಕ್ರವಾದ ಕ್ರೌನ್ ವೀಲಿನಲ್ಲಿ ಹುಡುಕಬೇಕು. ನಾಲ್ಕೈದು ಇದ್ದರೆ ಪ್ರೊಪೆಲ್ಲರ್ ಶಾಫ್ಟಿನ ಕೀಲಾದ ಕ್ರಾಸ್ ಅಥವಾ ಕ್ರೌನ್ ವೀಲನ್ನು ತಿರುಗಿಸುವ ಪುಟ್ಟ ಹಲ್ಲುಚಕ್ರವಾದ ಪಿನಿಯನ್ನಿನಲ್ಲಿ.

ಡ್ರಮ್ಮಿನೊಳಗೆ ನಡೆಯುವುದು

ಫ್ರಾನ್ಸಿನ ಲೂಯಿ ರೆನೋ 1902ರಲ್ಲಿ ರೂಪಿಸಿದ ಡ್ರಮ್ ಬ್ರೇಕಿನ ತತ್ವವೇ ನಮ್ಮ ಹಳೆಯ ಕಾರುಗಳಲ್ಲೂ ಇದೆ: ತಿರುಗುವ ಬಟ್ಟಲಿನಾಕಾರದ ಡ್ರಮ್ಮಿನೊಳಗೆ ಎರಡು ಶೂಗಳನ್ನು ವೀಲ್ ಸಿಲಿಂಡರ್ ಎಂಬ ಪುಟ್ಟ ದ್ರವಯಂತ್ರ ಹೊರಕ್ಕೆ ತಳ್ಳುತ್ತದೆ, ಪೆಡಲ್ ಬಿಟ್ಟಾಗ ಸ್ಪ್ರಿಂಗುಗಳು ಅವನ್ನು ಹಿಂದಕ್ಕೆಳೆಯುತ್ತವೆ.

ಸದ್ದು ಬ್ರೇಕಿನದೋ ಅಲ್ಲವೋ ಎಂದು ತಿಳಿಯಲು ಅತ್ಯಂತ ವಿಶ್ವಾಸಾರ್ಹ ಉಪಾಯ ಹ್ಯಾಂಡ್ ಬ್ರೇಕು. ಹೆಚ್ಚಿನ ಕಾರುಗಳಲ್ಲಿ ಅದು ಹಿಂದಿನ ಚಕ್ರಗಳ ಮೇಲೆ ಮಾತ್ರ ಕೆಲಸ ಮಾಡುವುದರಿಂದ, ವಾಹನಗಳಿಲ್ಲದ ನೇರ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತ ಅದನ್ನು ತುಸುವೇ ಎಳೆದರೆ, ಮುಂದಿನ ಬ್ರೇಕುಗಳು ಸುಮ್ಮನಿರುವಾಗ ಹಿಂದಿನವು ಒಂಟಿಯಾಗಿ ದನಿ ತೆಗೆಯುತ್ತವೆ. ವಿಲ್ಲಿಸ್ ಜೀಪಿನಂಥ ವಾಹನಗಳಲ್ಲಿ ಮಾತ್ರ ಹ್ಯಾಂಡ್ ಬ್ರೇಕ್ ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುವುದರಿಂದ ಈ ಪರೀಕ್ಷೆ ಅಲ್ಲಿ ನಡೆಯದು.

ಡ್ರಮ್ ಬಿಚ್ಚಿದ ಮೇಲೆ ಎಲ್ಲರೂ ಮೊದಲು ನೋಡುವುದು ಲೈನಿಂಗನ್ನು. ಅದು ಸವೆದು ರಿವೆಟ್ಟುಗಳ ತಲೆ ಮೇಲೆ ಬಂದಿದ್ದರೆ ಡ್ರಮ್ಮಿನಲ್ಲಿ ಉಂಗುರದಂಥ ಗೀರುಗಳು ಬಿದ್ದಿರುತ್ತವೆ. ಕಾದು ಗಾಜಿನಂತೆ ಹೊಳೆಯುತ್ತಿದ್ದರೆ ಕಿರುಚುವಿಕೆಗೆ ಅದೇ ಕಾರಣ. ಆದರೆ ಕಣ್ಣಿಗೆ ಬೀಳದ ಜಾಗವೊಂದು ಅದರ ಹಿಂದೆಯೇ ಇದೆ. ಶೂಗಳ ಅಂಚು ಆಡುವುದು ಬ್ಯಾಕ್ ಪ್ಲೇಟ್ ಎಂಬ ತಗಡಿನ ಮೇಲಿನ ಸಣ್ಣ ಉಬ್ಬುಗಳ ಮೇಲೆ. ದಶಕಗಳ ಓಟದಲ್ಲಿ ಆ ಉಬ್ಬುಗಳಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಕಚ್ಚು ಬೀಳುತ್ತದೆ, ಶೂ ಅಲ್ಲಿ ಸಿಲುಕಿ ಫಕ್ಕನೆ ಬಿಡಿಸಿಕೊಂಡಾಗ ‘ಕಟ್’ ಎನ್ನುತ್ತದೆ. ಹೊಸ ಲೈನಿಂಗ್ ಹಾಕಿಸಿದರೂ ಹೋಗದ ಸದ್ದುಗಳಲ್ಲಿ ಇದು ಪ್ರಮುಖವಾದದ್ದು. ಕಚ್ಚನ್ನು ವೆಲ್ಡ್ ತುಂಬಿ ಸಮಮಾಡಿ, ಹೆಚ್ಚು ಶಾಖ ತಡೆಯುವ ಬ್ರೇಕ್ ಗ್ರೀಸನ್ನು ಸಾಸಿವೆಯಷ್ಟೇ ಸವರಿದರೆ ಅದು ಅಡಗುತ್ತದೆ.

ಇನ್ನೊಂದು ಸದ್ದು ರಿಪೇರಿಯಿಂದಲೇ ಹುಟ್ಟುವಂಥದ್ದು. ಗೀರು ಬಿದ್ದ ಡ್ರಮ್ಮನ್ನು ಲೇತಿಗೆ ಹಾಕಿ ಅವಸರದಲ್ಲಿ ಕೊರೆದಾಗ, ಒಳಮೈಯಲ್ಲಿ ಸ್ಕ್ರೂವಿನ ಮರೆಯಂಥ ಸೂಕ್ಷ್ಮ ಸುರುಳಿಗೆರೆ ಉಳಿದುಬಿಡುತ್ತದೆ. ಬ್ರೇಕ್ ಹಾಕಿದಾಗ ಆ ಸುರುಳಿ ಶೂವನ್ನು ಪಕ್ಕಕ್ಕೆ ಎಳೆಯುತ್ತದೆ, ಮಿತಿ ಮೀರಿದೊಡನೆ ಸ್ಪ್ರಿಂಗ್ ಅದನ್ನು ಬ್ಯಾಕ್ ಪ್ಲೇಟಿಗೆ ಬಡಿಯುತ್ತದೆ. ಹೊಸದಾಗಿ ಕೊರೆಸಿದ ಡ್ರಮ್, ಹೊಸ ಲೈನಿಂಗ್ ಎರಡೂ ಇದ್ದು ಬ್ರೇಕ್ ಹಾಕಿದಾಗ ‘ಟಕ್, ಟಕ್’ ಎಂದರೆ ಬೆರಳ ತುದಿಯಿಂದ ಡ್ರಮ್ಮಿನ ಒಳಮೈ ಸವರಿ ನೋಡಬೇಕು, ಸುರುಳಿ ಇದ್ದರೆ ಬೆರಳಿಗೆ ತಾಕುತ್ತದೆ. ಮರಳು ಕಾಗದವನ್ನು ಸುರುಳಿಗೆ ಅಡ್ಡಲಾಗಿ ಉಜ್ಜಿದರೆ ಎಷ್ಟೋ ಸಲ ಸಾಕು.

ಕೊರೆಸಿದ ಡ್ರಮ್ಮಿನ ವ್ಯಾಸ ಹಿಗ್ಗುವುದರಿಂದ ಶೂಗಳ ಬಾಗು ಅದಕ್ಕೆ ಹೊಂದದೆ, ಲೈನಿಂಗಿನ ನಡುಭಾಗ ಮಾತ್ರ ತಾಗಿ ಕಿರುಚಬಹುದು. ಹಾಗಾಗಿ ಹೊಸ ವ್ಯಾಸಕ್ಕೆ ತಕ್ಕಂತೆ ಲೈನಿಂಗನ್ನು ಉಜ್ಜಿಸಬೇಕು ಮತ್ತು ಎರಡೂ ಕಡೆಯ ಡ್ರಮ್ಮುಗಳನ್ನು ಒಂದೇ ಅಳತೆಗೆ ತರಬೇಕು. ವ್ಯಾಸದಲ್ಲಿ ಎಷ್ಟು ಕೊರೆಯಬಹುದೆಂಬ ಮಿತಿಯನ್ನು ಆಯಾ ಕಾರಿನ ಕೈಪಿಡಿಯಲ್ಲಿ ನೋಡಿಯೇ ತೀರ್ಮಾನಿಸಬೇಕು.

ಹೊಂದಾಣಿಕೆಯ ಕ್ರಮ ತಪ್ಪಿದರೂ ಸದ್ದು ಬರುತ್ತದೆ. ಹ್ಯಾಂಡ್ ಬ್ರೇಕಿನ ಕೇಬಲ್ಲನ್ನು ಪೂರ್ತಿ ಸಡಿಲಿಸಿ, ಶೂಗಳನ್ನು ಡ್ರಮ್ಮಿಗೆ ತಾಗುವವರೆಗೆ ಹೊಂದಿಸಿ, ಚಕ್ರ ಬಿಡುವಾಗಿ ತಿರುಗುವಷ್ಟು ಹಿಂದೆ ಸರಿಸಿದ ಮೇಲೆಯೇ ಕೇಬಲ್ ಬಿಗಿಯಬೇಕು. ಮೊದಲೇ ಕೇಬಲ್ ಬಿಗಿದರೆ ಶೂಗಳು ತಮ್ಮ ತಂಗುದಾಣಕ್ಕೆ ಮರಳದೆ ಅರ್ಧದಲ್ಲೇ ನಿಂತು, ಪ್ರತಿ ಸಲ ಬ್ರೇಕ್ ತುಳಿದಾಗಲೂ ಬಡಿಯುತ್ತವೆ.

ಚೌಕಟ್ಟು: ಆ ಧೂಳನ್ನು ಊದಬೇಡಿ
ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬಳಕೆಯಾಗಿದೆ. ಅದರ ಎಳೆಗಳು ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶದ ರೋಗಗಳಿಗೂ ಕ್ಯಾನ್ಸರಿಗೂ ಕಾರಣವಾಗುತ್ತವೆ, ಮತ್ತು ರೋಗ ಕಾಣಿಸಿಕೊಳ್ಳಲು ದಶಕಗಳೇ ಹಿಡಿಯಬಹುದು. ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದಬಾರದು, ಒಣ ಬ್ರಷ್ ಹಾಕಬಾರದು. ನೀರು ಸಿಂಪಡಿಸಿ ನೆನೆಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಬೇಕು. ಗ್ಯಾರೇಜಿನ ಹುಡುಗರಿಗೆ ಇದನ್ನು ಹೇಳುವುದು ಮಾಲೀಕರ ಹೊಣೆಯೂ ಹೌದು.

ಆಕ್ಸಲ್ ಹಾಡುವ ರಾಗಗಳು

ಪ್ರೊಪೆಲ್ಲರ್ ಶಾಫ್ಟಿನ ತುದಿಯ ಪುಟ್ಟ ಹಲ್ಲುಚಕ್ರ ಪಿನಿಯನ್. ಅದು ತಿರುಗಿಸುವ ದೊಡ್ಡ ಚಕ್ರ ಕ್ರೌನ್ ವೀಲ್. ಪಿನಿಯನ್ನನ್ನು ಕ್ರೌನ್ ವೀಲಿನ ನಡುಗೆರೆಗಿಂತ ಕೆಳಗಿಡುವ ಹೈಪಾಯ್ಡ್ ಎಂಬ ವಿನ್ಯಾಸವನ್ನು ಅಮೆರಿಕದ ಪ್ಯಾಕಾರ್ಡ್ ಕಂಪನಿ 1926ರಲ್ಲಿ ಕಾರಿಗೆ ತಂದಿತು. ಇದರಿಂದ ಶಾಫ್ಟ್ ತಗ್ಗಿ, ಕಾರಿನ ನೆಲವೂ ತಗ್ಗಿ, ಸದ್ದೂ ಕಡಿಮೆಯಾಯಿತು. ಆದರೆ ಈ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜಾರುವುದೂ ಉಂಟಾದ್ದರಿಂದ, ಅತಿ ಒತ್ತಡ ತಾಳುವ ಗೇರ್ ಆಯಿಲ್ ಇಲ್ಲದೆ ಅವು ಬಾಳುವುದಿಲ್ಲ.

ಆಕ್ಸಿಲರೇಟರ್ ಒತ್ತಿದಾಗ ‘ಗುಂಯ್’ ಎಂದು ಏರಿ, ಬಿಟ್ಟಾಗ ನಿಂತರೆ ಹಲ್ಲುಗಳ ಒಂದು ಮೈ ಸವೆದಿದೆ ಎಂದರ್ಥ. ಒತ್ತಿದಾಗ ಸುಮ್ಮನಿದ್ದು ಬಿಟ್ಟಾಗ ಊಳಿಟ್ಟರೆ ಪಿನಿಯನ್ನಿನ ಬೇರಿಂಗ್ ಸಡಿಲವಾಗಿ ಅದು ಮುಂದಕ್ಕೂ ಹಿಂದಕ್ಕೂ ಅಲುಗುತ್ತಿರುವ ಸಾಧ್ಯತೆ ಹೆಚ್ಚು. ಈ ವ್ಯತ್ಯಾಸವನ್ನು ಆಲಿಸಲು ಏರಿಳಿತದ ರಸ್ತೆ ಬೇಕು. ಭಾನುವಾರ ಮುಂಜಾನೆಯ ನಿಶ್ಶಬ್ದದಲ್ಲಿ ಬುಲ್ ಟೆಂಪಲ್ ರಸ್ತೆಯ ಏರನ್ನು ಮೂರನೇ ಗೇರಿನಲ್ಲಿ ಹತ್ತಿ, ಅದೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಎರಡೂ ದನಿಗಳು ಬೇರೆಯಾಗಿ ಕೇಳುತ್ತವೆ.

ನೇರ ರಸ್ತೆಯಲ್ಲಿ ಸದ್ದಿಲ್ಲದೆ ತಿರುವಿನಲ್ಲಿ ಮಾತ್ರ ಗರಗರ ಎಂದರೆ ಡಿಫರೆನ್ಷಿಯಲ್ಲಿನ ಒಳಗಿನ ಚಿಕ್ಕ ಹಲ್ಲುಚಕ್ರಗಳನ್ನೂ ಅವುಗಳ ವಾಷರುಗಳನ್ನೂ ನೋಡಬೇಕು, ಏಕೆಂದರೆ ಅವು ತಮ್ಮತಮ್ಮಲ್ಲಿ ತಿರುಗುವುದು ತಿರುವಿನಲ್ಲಷ್ಟೇ. ಆಕ್ಸಿಲರೇಟರಿನ ಹಂಗಿಲ್ಲದೆ, ವೇಗದ ಜೊತೆ ಏರುತ್ತ, ಬಲಕ್ಕೆ ತಿರುಗಿದಾಗ ಜೋರಾಗುವ ಗರಗರ ಎಡ ಚಕ್ರದ ಬೇರಿಂಗಿನದು. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡಕ್ಕೆ ವಾಲುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಮುಂದಿನ ಚಕ್ರಗಳಿಗೆ ಕಟ್ಟೆ ಕೊಟ್ಟು, ಹಿಂಬದಿಯನ್ನು ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಒಬ್ಬರು ಚಕ್ರ ತಿರುಗಿಸುತ್ತಿರುವಾಗ ಇನ್ನೊಬ್ಬರು ಕಮಾನು ಪಟ್ಟಿಯ ಮೇಲೆ ಅಂಗೈ ಇಟ್ಟರೆ ಸಾಕು: ಕಿವಿಗೆ ಕೇಳಿಸದ ಒರಟು ಕೈಗೆ ತಿಳಿಯುತ್ತದೆ. ಹಳೆಯ ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕವಚಕ್ಕೆ ಒತ್ತಿ ಹಿಡಿಯನ್ನು ಕಿವಿಗೆ ಹಚ್ಚಿ ಕೇಳುವ ಪದ್ಧತಿಯೂ ಇದೇ ತರ್ಕದ್ದು, ಮತ್ತು ಅದಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ವರ್ಷಗಟ್ಟಲೆ ನಿಂತ ಕಾರುಗಳಲ್ಲಿ ಬೇರಿಂಗ್ ಕೆಡುವ ಬಗೆ ಬೇರೆ. ಎಣ್ಣೆ ಕೆಳಗಿಳಿದು ಬರಿದಾದ ಗುಂಡುಗಳ ಸುತ್ತ ತೇವ ನಿಂತು, ಅವು ಕೂತ ಜಾಗದಲ್ಲೇ ತುಕ್ಕಿನ ಗುಳಿಗಳು ಬೀಳುತ್ತವೆ. 2019ರಲ್ಲಿ ಜಗ್ಗೇಶ್ ಅಭಿನಯದ ‘ಪ್ರೀಮಿಯರ್ ಪದ್ಮಿನಿ’ ಎಂಬ ಚಿತ್ರ ಬಂದದ್ದು ಗಾಂಧಿನಗರಕ್ಕೆ, ಅಂದರೆ ಕನ್ನಡ ಚಿತ್ರರಂಗಕ್ಕೆ, ಹಳೆಯ ಕಾರುಗಳ ಮೇಲಿರುವ ಒಲವಿಗೆ ಒಂದು ಸಾಕ್ಷಿ. ಆದರೆ ಚಿತ್ರೀಕರಣಕ್ಕೆಂದು ವರ್ಷಕ್ಕೆ ಒಂದೆರಡು ಸಲ ನಾಲ್ಕು ಹೆಜ್ಜೆ ಓಡಿ ಮತ್ತೆ ನಿಲ್ಲುವ ಕಾರಿಗೆ, ದಿನವೂ ಓಡುವ ಕಾರಿಗಿಂತ ಬೇರಿಂಗಿನ ಭಯ ಹೆಚ್ಚು. ತಿಂಗಳಿಗೊಮ್ಮೆ ಆಕ್ಸಲ್ ಬೆಚ್ಚಗಾಗುವಷ್ಟು ದೂರ ಓಡಿಸುವುದೇ ಇದಕ್ಕೆ ಮದ್ದು.

ಗೇರ್ ಹಾಕಿ ಕ್ಲಚ್ ಬಿಟ್ಟ ಕ್ಷಣದ ‘ಧಡ್’ ಸದ್ದಿಗೆ ಕಾರಣ ಒಂದೇ ಇರಬೇಕೆಂದಿಲ್ಲ. ಕ್ರಾಸ್, ಕ್ರೌನ್-ಪಿನಿಯನ್, ಶಾಫ್ಟುಗಳ ತುದಿಯ ಕಚ್ಚುಗಳು, ಹೀಗೆ ಹಲವೆಡೆಯ ಕೂದಲೆಳೆಯ ಸಡಿಲಗಳು ಕೂಡಿಕೊಂಡು ಒಂದೇ ಹೊಡೆತವಾಗಿ ಕೇಳಿಸುತ್ತವೆ. ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿ, ಅಲುಗಾಟ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆಂದು ನೋಡುತ್ತ ಹೋದರೆ ದೊಡ್ಡ ಸಡಿಲ ಸಿಗುತ್ತದೆ. ಕವಚವನ್ನು ಕಮಾನು ಪಟ್ಟಿಗೆ ಬಿಗಿದ ಯು-ಬೋಲ್ಟುಗಳನ್ನೂ ಆಗಲೇ ನೋಡಬೇಕು.

ಇವುಗಳ ನಡುವೆ ಅಪಾಯಕಾರಿಯಾದದ್ದು ಒಂದಿದೆ. ಕೆಲವು ಹಳೆಯ ಕಾರುಗಳಲ್ಲಿ ಚಕ್ರದ ಹಬ್ಬು ಆಕ್ಸಲ್ ಶಾಫ್ಟಿನ ಮೊನಚಾಗುತ್ತ ಹೋಗುವ ತುದಿಯ ಮೇಲೆ, ಒಂದು ಪುಟ್ಟ ಲೋಹದ ಕೀಲಿ ಮತ್ತು ದೊಡ್ಡ ನಟ್ಟಿನ ಬಿಗಿಯಿಂದ ಕೂತಿರುತ್ತದೆ. ಸ್ಟ್ಯಾಂಡರ್ಡ್ ಹೆರಾಲ್ಡ್ ಇದಕ್ಕೆ ಉದಾಹರಣೆ. ನಟ್ ಸಡಿಲಗೊಂಡರೆ ಮುಂದಕ್ಕೂ ಹಿಂದಕ್ಕೂ ದಿಕ್ಕು ಬದಲಿಸಿದಾಗಲೆಲ್ಲ ಒಂದೇ ಒಂದು ‘ಟಕ್’ ಕೇಳುತ್ತದೆ. ಅದನ್ನು ಕಡೆಗಣಿಸಿದರೆ ಕೀಲಿ ಕೂರುವ ಕಚ್ಚಿನಿಂದ ಬಿರುಕು ಹುಟ್ಟಿ ಶಾಫ್ಟ್ ತುಂಡಾಗಬಹುದು, ಆಗ ಹಬ್ಬಿನೊಂದಿಗೆ ಚಕ್ರವೇ ಕಳಚಿ ಹೋಗುತ್ತದೆ. ಇಂಥ ಹಬ್ಬನ್ನು ಬಿಚ್ಚಲು ಪುಲ್ಲರ್ ಎಂಬ ಸಾಧನವನ್ನೇ ಬಳಸಬೇಕು. ಶಾಫ್ಟಿನ ತುದಿಗೆ ಸುತ್ತಿಗೆ ಬಿದ್ದರೆ ಒಳಗಿನ ಬೇರಿಂಗ್ ಜಜ್ಜಿಹೋಗುತ್ತದೆ, ಒಂದು ಸದ್ದು ಹುಡುಕಲು ಹೋಗಿ ಇನ್ನೊಂದನ್ನು ಕೊಂಡುಕೊಂಡಂತಾಗುತ್ತದೆ.

ಎರಡನ್ನೂ ಬೆಸೆಯುವ ಆಯಿಲ್ ಸೀಲ್

ಬ್ರೇಕಿನ ದೋಷ ಬೇರೆ, ಆಕ್ಸಲಿನ ದೋಷ ಬೇರೆ ಎಂಬ ವಿಂಗಡಣೆ ಕುಸಿಯುವುದು ಇಲ್ಲಿ. ಕವಚದ ತುದಿಯಲ್ಲಿ, ಗೇರ್ ಆಯಿಲ್ ಹೊರಗೆ ಬಾರದಂತೆ ತಡೆಯುವ ರಬ್ಬರಿನ ಉಂಗುರವೊಂದಿರುತ್ತದೆ. ಬೇರಿಂಗ್ ಸವೆದಾಗ ಶಾಫ್ಟ್ ಓಲಾಡುತ್ತದೆ, ಸೀಲಿನ ತುಟಿ ಸವೆಯುತ್ತದೆ, ಎಣ್ಣೆ ಬ್ಯಾಕ್ ಪ್ಲೇಟನ್ನು ದಾಟಿ ಲೈನಿಂಗನ್ನು ನೆನೆಸುತ್ತದೆ. ನೆನೆದ ಲೈನಿಂಗ್ ಒಮ್ಮೆ ಜಾರುತ್ತದೆ, ಒಮ್ಮೆ ಕಚ್ಚಿ ಹಿಡಿದು ಕಿರುಚುತ್ತದೆ.

ಮಾಲೀಕರಿಗೆ ಕೇಳುವುದು ಬ್ರೇಕಿನ ಕಿರುಚಾಟವಾದ್ದರಿಂದ ಲೈನಿಂಗ್ ಬದಲಾಗುತ್ತದೆ. ಕೆಲ ವಾರಗಳಲ್ಲಿ ಹೊಸದೂ ನೆನೆಯುತ್ತದೆ. ಎರಡನೆಯ ಸಲ ಸೀಲನ್ನೂ ಬದಲಿಸುತ್ತಾರೆ. ಓಲಾಡುವ ಶಾಫ್ಟ್ ಅದನ್ನೂ ತಿನ್ನುತ್ತದೆ. ಬೇರಿಂಗಿನಿಂದ ಶುರುಮಾಡಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿದ್ದ ಕೆಲಸವಿದು.

ಕೆಲವೊಮ್ಮೆ ಬೇರಿಂಗೂ ನಿರಪರಾಧಿ. ಕವಚದ ಮೇಲೆ ಬ್ರೀದರ್ ಎಂಬ ಸಣ್ಣ ಉಸಿರುಗಂಡಿ ಇರುತ್ತದೆ. ಓಡುವಾಗ ಕಾದು ಹಿಗ್ಗಿದ ಗಾಳಿ ಹೊರಹೋಗುವ ದಾರಿ ಅದು. ಕೆಸರು ಅಥವಾ ಬಣ್ಣ ಅದನ್ನು ಮುಚ್ಚಿದ್ದರೆ ಒತ್ತಡವೇ ಎಣ್ಣೆಯನ್ನು ಸೀಲಿನಾಚೆ ತಳ್ಳುತ್ತದೆ. ಅಂದಗಾಣಿಸಲೆಂದು ಆಕ್ಸಲಿಗೆ ಬಣ್ಣ ಬಳಿಸಿದ ಮೇಲೆ ಬ್ರೇಕ್ ಕಿರುಚಲು ಶುರುವಾದರೆ ಮೊದಲು ಈ ಗಂಡಿಯನ್ನು ತೆರೆದು ನೋಡಬೇಕು. ತಂತಿಯೊಂದಿದ್ದರೆ ಸಾಕು, ಖರ್ಚಿಲ್ಲ. ಎಣ್ಣೆ ಅತಿಯಾಗಿ ತುಂಬಿದರೂ ಇದೇ ಗತಿ: ಸಮತಟ್ಟಾದ ನೆಲದಲ್ಲಿ ತುಂಬುವ ರಂಧ್ರದ ಅಂಚಿಗೆ ಬಂದರೆ ಅದೇ ಮಟ್ಟ.

ಟೌನ್‌ಹಾಲಿನಿಂದ ಮಿನರ್ವ ವೃತ್ತದವರೆಗೆ

ಜಯಚಾಮರಾಜೇಂದ್ರ (ಜೆ.ಸಿ.) ರಸ್ತೆ, ಪಕ್ಕದ ಎಸ್.ಜೆ.ಪಿ. ರಸ್ತೆ ಮತ್ತು ಕಲಾಸಿಪಾಳ್ಯದ ಆಸುಪಾಸಿನ ಬಿಡಿಭಾಗಗಳ ಅಂಗಡಿಗಳೂ ಲೇತುಗಳೂ ಇರುವುದರಿಂದಲೇ ಬೆಂಗಳೂರಿನಲ್ಲಿ ಹಳೆಯ ಕಾರು ಇಟ್ಟುಕೊಳ್ಳುವುದು ಇಂದಿಗೂ ಸಾಧ್ಯವಾಗಿದೆ. ಶಿವಾಜಿನಗರದ ಗುಜರಿಯೂ ಇದಕ್ಕೆ ಆಸರೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಪದ್ಮಿನಿ ಅದಕ್ಕೂ ಮೊದಲೇ. 1980ರ ದಶಕದಲ್ಲಿ ಬೆಂಗಳೂರಿನಲ್ಲೇ ತಯಾರಾದ, ಫೈಬರ್ ಮೈಯ ಸಿಪಾನಿ ಡಾಲ್ಫಿನ್‌ನ ಬಿಡಿಭಾಗ ಹುಡುಕುವವರ ಪಾಡು ಇನ್ನೂ ಕಷ್ಟದ್ದು.

ಇಲ್ಲಿ ಕೊಳ್ಳುವವರು ಎರಡು ಮಾತು ನೆನಪಿಡಬೇಕು. ಕ್ರೌನ್ ವೀಲ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಪರಸ್ಪರ ಉಜ್ಜಿ ಹೊಂದಿಸಿದ ಜೋಡಿ. ಒಂದನ್ನಷ್ಟೇ ಬೇರೆ ಕಾರಿನಿಂದ ತಂದು ಹಾಕಿದರೆ ಯಾವ ಹೊಂದಾಣಿಕೆಯಿಂದಲೂ ಆ ಊಳಾಟ ನಿಲ್ಲದು. ಮತ್ತೆ, ಸಾಧಾರಣ ಸವೆತದ ಸಣ್ಣ ‘ಗುಂಯ್’ ಸದ್ದಿಗಾಗಿ ಡಿಫರೆನ್ಷಿಯಲ್ ಬಿಚ್ಚಿಸಬಾರದು. ಎಣ್ಣೆ ಶುದ್ಧವಾಗಿದ್ದು, ಅದರಲ್ಲಿ ಲೋಹದ ಚೂರುಗಳಿಲ್ಲದೆ, ಸದ್ದು ವರ್ಷದಿಂದ ವರ್ಷಕ್ಕೆ ಏರದಿದ್ದರೆ ಅದನ್ನು ಹಾಗೇ ಬಿಡುವುದು ಜಾಣತನ. ಸಡಿಲವನ್ನು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ ಅಳೆಯುವ ಡಯಲ್ ಗೇಜ್ ಇಲ್ಲದ ಗ್ಯಾರೇಜಿನಲ್ಲಿ ಬಿಚ್ಚಿದ ಆಕ್ಸಲ್, ಬಿಚ್ಚುವ ಮುಂಚಿಗಿಂತ ಜೋರಾಗಿ ಹಾಡುತ್ತ ಮನೆಗೆ ಬರುತ್ತದೆ.

ಚೌಕಟ್ಟು: ‘ವಿಎ’ ಫಲಕದ ಕಾರುಗಳು
ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಮಾಡಿದ ತಿದ್ದುಪಡಿಯಂತೆ, 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನೋಂದಣಿ ಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಅಕ್ಷರಗಳಿರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಂಥ ಉದ್ದೇಶಗಳಿಗೆ ಓಡಿಸಬಹುದೇ ಹೊರತು ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ.

ಗ್ಯಾರೇಜಿಗೆ ಹೊರಡುವ ಮುಂಚೆ ಮಾಲೀಕರು ಒಂದು ಚೀಟಿಯಲ್ಲಿ ಸದ್ದು ಬರುವ ವೇಗ, ಆಕ್ಸಿಲರೇಟರಿನ ಸ್ಥಿತಿ, ತಿರುವಿನ ದಿಕ್ಕು, ಬ್ರೇಕ್ ತುಳಿದಾಗ ಆದ ಬದಲಾವಣೆ ಇಷ್ಟನ್ನು ಬರೆದುಕೊಂಡು ಹೋಗಲಿ. ಮೆಕ್ಯಾನಿಕ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರಲಿ. ಹಿಂದಿನ ಚಕ್ರದ ಒಳಮೈಯಲ್ಲಿ ಎಣ್ಣೆಯ ಜಿಡ್ಡು ಕಂಡರೆ ಮಾತ್ರ ಆ ಸುತ್ತೂ ಬೇಡ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದೋ ಬೆಂಕಿಗೆ ಹಿಡಿದೋ ಮತ್ತೆ ಹಾಕುವ ರೂಢಿ ಕೆಲವೆಡೆ ಇದೆ. ಅದು ಒಣಗಿದಂತೆ ಕಂಡರೂ ಕಾದಾಗ ಮತ್ತೆ ಎಣ್ಣೆ ಕಕ್ಕುತ್ತದೆ, ಕಾರು ಬ್ರೇಕಿಗೆ ಒಂದು ಬದಿಗೆ ಎಳೆಯುತ್ತದೆ. ಅಂಥ ಲೈನಿಂಗನ್ನು ಎರಡೂ ಚಕ್ರಗಳಲ್ಲಿ ಒಟ್ಟಿಗೇ ಬದಲಿಸಬೇಕು, ಅಲ್ಲಿಯವರೆಗೆ ಕಾರು ಷೆಡ್ಡಿನಲ್ಲೇ ಇರಲಿ.